ಮೂತ್ರದ ಪಟ್ಟಿ ನೋಡಿ ಮುದ್ದೆ ಬಿಟ್ಟೆ!

ಪ್ರಶ್ನೆ: ಡಾಕ್ಟರೇ, ನನಗೆ 56 ವರ್ಷ. ನಮ್ಮ ಭಾವನ ಮಗ ಪಿಎಚ್ ಪಟ್ಟಿ (ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ತೋರಿಸುವ ಕಾಗದ; 7ಕ್ಕಿಂತ ಕಡಿಮೆ ಆಮ್ಲ, ಜಾಸ್ತಿ ಕ್ಷಾರ) ತಂದುಕೊಟ್ಟ. ಬೆಳಗಿನ ಮೂತ್ರಕ್ಕೆ ಅದ್ದಿದರೆ ದಿನಾ 5.5 ತೋರಿಸುತ್ತದೆ. 'ಚಿಕ್ಕಮ್ಮ, ನಿಮ್ಮ ರಕ್ತ ಆಮ್ಲ ಆಗಿದೆ, ಕ್ಯಾನ್ಸರ್ ಬರಬಹುದು' ಎನ್ನುತ್ತಾನೆ. ಅವು ಆಮ್ಲ ಮಾಡುತ್ತವೆ ಎಂದು ಅನ್ನ, ಮುದ್ದೆ ಬಿಟ್ಟಿದ್ದೇನೆ. ನಾನೂ ನಮ್ಮನೆಯವರೂ ಬೆಳಿಗ್ಗೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಕುಡಿಯುತ್ತೇವೆ. ಅವರಿಗೆ ಜೊತೆಗೆ ಎರಡು ಎಳನೀರು. ಅವರಿಗೆ ಬಿಪಿ, ಶುಗರ್ ಇದೆ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ) 2.1. ನಿಂಬೆಹಣ್ಣು ಕ್ಷಾರ ಅಂತಲೂ ಹೇಳುತ್ತಾರೆ. ಅದು ಹುಳಿ ಅಲ್ವಾ, ಕ್ಷಾರ ಹೇಗಾಗುತ್ತದೆ?
– ಒಬ್ಬ ಓದುಗರು, ತಿಪಟೂರು

ಉತ್ತರ: ಇದು ಅಚ್ಚಾಗುವವರೆಗೆ ಕಾಯಬಾರದೆಂದು ನಿಮಗೆ ಆಗಲೇ ಪತ್ರ ಹಾಕಿದ್ದೇನೆ. ಸೋಡಾ, ಎಳನೀರು ಎರಡನ್ನೂ ನಿಲ್ಲಿಸಿ, ಯಜಮಾನರ ರಕ್ತದ ಪೊಟ್ಯಾಸಿಯಂ ತಕ್ಷಣ ನೋಡಿಸಿ ಎಂದು ಬರೆದಿದ್ದೆ. ತಿಪಟೂರಿನವರಿಗೆ ಎಳನೀರು ಬಿಡಿ ಅನ್ನಲು ನನಗೂ ಸಂಕೋಚವೇ. ಆದರೆ ಕ್ರಿಯಾಟಿನಿನ್ 2.1 ಅಂದರೆ ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಸೋತಿದೆ. ಒಂದು ಲೋಟ ಎಳನೀರಿನಲ್ಲಿ 400ರಿಂದ 600 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ. ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿದರೆ ಎದೆಬಡಿತದ ತಾಳವೇ ತಪ್ಪಬಹುದು. ಇನ್ನು ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿ.ಗ್ರಾಂ. ಸೋಡಿಯಂ. ಇಡೀ ದಿನಕ್ಕೆ 2,000 ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಇರುವವರಿಗೆ ಇದು ಬೇಕಾ? ಕೆಲವು ಕಿಡ್ನಿ ರೋಗಿಗಳಿಗೆ ನಾವೇ ಸೋಡಾ ಮಾತ್ರೆ ಕೊಡುವುದುಂಟು, ನಿಜ. ಆದರೆ ಅದು ರಕ್ತ ಪರೀಕ್ಷೆ ಮಾಡಿ, ಅಳೆದು ಕೊಡುವುದು.

ಈಗ ನಿಮ್ಮ ಪಟ್ಟಿಯ ವಿಷಯ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರುತ್ತದೆ. ಮುದ್ದೆ ತಿಂದರೂ ಅಷ್ಟೇ, ಸೌತೆಕಾಯಿ ತಿಂದರೂ ಅಷ್ಟೇ. ಜಾಸ್ತಿಯಾದ ಆಮ್ಲವನ್ನು ಶ್ವಾಸಕೋಶ ಉಸಿರಿನಲ್ಲಿ, ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತವೆ. ಹಾಗಾಗಿ ಮೂತ್ರ ಮಾತ್ರ 4.5ರಿಂದ 8ರವರೆಗೆ ಓಡಾಡುತ್ತದೆ. ನಿಮ್ಮ 5.5 ಅಂದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ ಅಂತ. ಮೊರದಲ್ಲಿರುವ ಕಸ ನೋಡಿ ಮನೆ ಕೊಳಕು ಅಂದ ಹಾಗಾಯಿತು ನಿಮ್ಮ ಭಾವನ ಮಗನ ಮಾತು! ಓದುವಾಗ ನಾನೂ ಹಾಸ್ಟೆಲಿನಲ್ಲಿ ಹೀಗೆ ಅದ್ದಿ ನೋಡಿದ್ದೆ. ಕೋಳಿ ಸಾರಿನ ಮರುದಿನ 5.5, ಬರೀ ಹಣ್ಣು ತಿಂದ ದಿನ 7. ಪಟ್ಟಿಯ ಬಣ್ಣ ಬದಲಾಯಿತು, ನಾನು ಹಾಗೇ ಇದ್ದೆ.

ನಿಂಬೆಯ ಪ್ರಶ್ನೆ ಚೆನ್ನಾಗಿದೆ. ಅದರ ಹುಳಿ ನಾಲಿಗೆಗೆ ಮಾತ್ರ. ಒಳಗೆ ಹೋದ ಮೇಲೆ ಅದು ಉರಿದು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಜೊತೆ ಹೋಗುತ್ತದೆ. ಹಣ್ಣಿನಲ್ಲಿರುವ ಪೊಟ್ಯಾಸಿಯಂ ಸಿಟ್ರೇಟ್ ಎಂಬ ಲವಣ ಬೈಕಾರ್ಬೊನೇಟ್ ಆಗುತ್ತದೆ, ಅದು ಕ್ಷಾರ. ಮೊಟ್ಟೆ, ಮೀನು, ಮಾಂಸ, ಅಕ್ಕಿ ಇವು ಹುಳಿ ಇಲ್ಲದಿದ್ದರೂ ಅವುಗಳ ಪ್ರೋಟೀನಿನಲ್ಲಿರುವ ಗಂಧಕದಿಂದ ಆಮ್ಲ ಹುಟ್ಟುತ್ತದೆ. ಈ ಲೆಕ್ಕ ಸುಳ್ಳಲ್ಲ. ಕಿಡ್ನಿಯಲ್ಲಿ ಯೂರಿಕ್ ಆಮ್ಲದ ಕಲ್ಲು ಇರುವವರಿಗೆ ಸಿಟ್ರೇಟ್ ಕೊಟ್ಟು ಮೂತ್ರವನ್ನು ಬೇಕೆಂದೇ ಕ್ಷಾರದ ಕಡೆಗೆ ತಿರುಗಿಸುತ್ತೇವೆ. ಕ್ಯಾನ್ಸರ್ ಗೆಡ್ಡೆಯ ಸುತ್ತ ಆಮ್ಲ ಇರುವುದೂ ಹೌದು. ಆದರೆ ಅದನ್ನು ಮಾಡುವುದು ಗೆಡ್ಡೆಯೇ, ನಿಮ್ಮ ಅನ್ನವಲ್ಲ.

ನಿಮಗೆ ಬೇರೆ ಕಾಯಿಲೆ ಇಲ್ಲದಿದ್ದರೆ ಇವತ್ತು ರಾತ್ರಿಯೇ ಮುದ್ದೆ ತೊಳಸಿ. ನೂರು ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಈ ವಯಸ್ಸಿನಲ್ಲಿ ಅದು ಬೇಕು. ಜೊತೆಗೆ ಸೊಪ್ಪಿನ ಸಾರು ಮಾಡಿಕೊಳ್ಳಿ. ಯಜಮಾನರ ತಟ್ಟೆಗೆ ಮಾತ್ರ, ಸೊಪ್ಪಾಗಲಿ ಬಾಳೆಹಣ್ಣಾಗಲಿ, ಅವರ ಕಿಡ್ನಿ ಡಾಕ್ಟರನ್ನು ಕೇಳಿಯೇ ಬಡಿಸಿ.