ಪರದೆಯ ಮುಂದಿನ ಯುದ್ಧ

ಪ್ರಶ್ನೆ: ಡ್ರೋನ್ ಪೈಲಟ್ ಒಬ್ಬನ ಮನಸ್ಸು ಕುಸಿಯುವ ಕಥೆಯ ಯುದ್ಧಚಿತ್ರವೊಂದನ್ನು ನೋಡಿದೆ. ಅಮೆರಿಕದಲ್ಲೇ ಕೂತು ಅಫ್ಘಾನಿಸ್ತಾನದ ಮೇಲೆ ಕ್ಷಿಪಣಿ ಹಾರಿಸಿ ಸಂಜೆ ಮನೆಗೆ ಹೋಗುವವನಿಗೆ ನಿಜಕ್ಕೂ ಇಷ್ಟು ಯಾತನೆ ಆಗುತ್ತದೆಯೇ?

ಉತ್ತರ: ಆಗುತ್ತದೆ. ಫೈಟರ್ ವಿಮಾನದ ಪೈಲಟ್ ಬಾಂಬ್ ಹಾಕಿದ ಮೇಲೆ ಅಲ್ಲಿ ನಿಲ್ಲುವುದಿಲ್ಲ. ಡ್ರೋನ್ ಸಿಬ್ಬಂದಿ ಮಾತ್ರ ಒಂದೇ ಮನೆಯನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೋಡುತ್ತಿರುತ್ತಾರೆ. ಆ ಮನುಷ್ಯ ಎಷ್ಟು ಹೊತ್ತಿಗೆ ಏಳುತ್ತಾನೆ, ಮಕ್ಕಳು ಎಲ್ಲಿ ಆಡುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಕೊಲ್ಲಬೇಕಾದವನ ಪರಿಚಯ ಮೊದಲೇ ಆಗಿಹೋಗಿರುತ್ತದೆ.

ಆಮೇಲೆ ಆ ಕೆಲವು ಸೆಕೆಂಡುಗಳು. ಸುಮಾರು 45 ಕಿಲೋ ತೂಕದ ಹೆಲ್‌ಫೈರ್ ಕ್ಷಿಪಣಿ ಗುರಿ ಮುಟ್ಟುವವರೆಗೂ ಪೈಲಟ್ ಪಕ್ಕದಲ್ಲಿ ಕೂತ ಸೆನ್ಸರ್ ಆಪರೇಟರ್ ಲೇಸರ್ ಕಿರಣವನ್ನು ಗುರಿಯ ಮೇಲೆ ಕದಲದಂತೆ ಹಿಡಿದಿರಬೇಕು. ಅಷ್ಟರಲ್ಲಿ ಮಗುವೊಂದು ಓಡಿಬಂದರೆ, ಸಮಯ ಉಳಿದಿದ್ದರೆ, ಲೇಸರನ್ನು ಬಯಲಿಗೆ ತಿರುಗಿಸಿ ಕ್ಷಿಪಣಿಯನ್ನು ಅತ್ತ ಕೊಂಡೊಯ್ಯಬಹುದು. ಸಮಯ ಇಲ್ಲದಿದ್ದರೆ ನೋಡುತ್ತಲೇ ಇರಬೇಕು. ಹೊಗೆ ಚದುರಿದ ಮೇಲೂ ಕೆಲಸ ಮುಗಿಯದು: ಸತ್ತವರೆಷ್ಟು, ಹೆಣ ಎತ್ತಲು ಬಂದವರು ಯಾರು ಎಂದು ಅದೇ ಕ್ಯಾಮೆರಾದಲ್ಲಿ ನೋಡಿ ವರದಿ ಮಾಡಬೇಕು. ಮನಸ್ಸು ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ತನ್ನ ಜೀವಕ್ಕಿದ್ದ ಭಯಕ್ಕಿಂತ ತಾನೇನು ಮಾಡಿದೆ ಎಂಬುದು ಕೊರೆಯುವ ಈ ಸ್ಥಿತಿಯನ್ನು ತಜ್ಞರು ‘ನೈತಿಕ ಗಾಯ’ ಎನ್ನುತ್ತಾರೆ.

ಡ್ರೋನ್‌ಗಳನ್ನು ನಡೆಸುವ, ಅಮೆರಿಕದ ನೆವಾಡಾದ ಕ್ರೀಚ್ ವಾಯುನೆಲೆಯಿಂದ ಲಾಸ್ ವೇಗಸ್ಸಿಗೆ ಸುಮಾರು 70 ಕಿ.ಮೀ. ಹನ್ನೆರಡು ಗಂಟೆಯ ಪಾಳಿ ಮುಗಿಸಿದವನಿಗೆ ಯುದ್ಧಕ್ಕೂ ಮನೆಗೂ ನಡುವೆ ಸಿಗುವುದು ಆ ರಸ್ತೆಯಷ್ಟೇ. ನಡೆದದ್ದು ರಹಸ್ಯವಾದ್ದರಿಂದ ಹೆಂಡತಿಯ ಹತ್ತಿರವೂ ಬಾಯಿ ಬಿಡುವಂತಿಲ್ಲ. ಅದಕ್ಕೇ ರಹಸ್ಯ ಮಾಹಿತಿ ಕೇಳಲು ಅನುಮತಿಯಿರುವ ಮನೋವೈದ್ಯರನ್ನೂ ಪಾದ್ರಿಗಳನ್ನೂ ನೆಲೆಯೊಳಗೇ ಇಟ್ಟರು. ಇದು ಬಹಳ ಮೊದಲೇ ಆಗಬೇಕಿತ್ತು.

ಪ್ರಶ್ನೆ: ಪರದೆಯಲ್ಲಿ ನೋಡಿದ್ದಕ್ಕೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಬರುತ್ತದೆಂದು ವೈದ್ಯಶಾಸ್ತ್ರ ಒಪ್ಪುತ್ತದೆಯೇ?

ಉತ್ತರ: ಒಪ್ಪುತ್ತದೆ. ಅಮೆರಿಕದ ಮನೋವೈದ್ಯರು 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಡಿಎಸ್‌ಎಂ-5 ಕೈಪಿಡಿ ಟಿ.ವಿ., ಚಿತ್ರಗಳಲ್ಲಿ ನೋಡಿದ್ದನ್ನು ಕಾರಣವೆಂದು ಪರಿಗಣಿಸುವುದಿಲ್ಲ. ಆದರೆ ನೋಡುವುದೇ ಉದ್ಯೋಗವಾಗಿದ್ದರೆ ಪರಿಗಣಿಸುತ್ತದೆ. ಅದೇ ವರ್ಷ ಅಮೆರಿಕದ ಸೇನಾ ಆರೋಗ್ಯ ಅಧ್ಯಯನವೊಂದು, ಡ್ರೋನ್ ಪೈಲಟ್‌ಗಳಲ್ಲೂ ವಿಮಾನದೊಳಗೆ ಕೂತು ಹಾರುವವರಲ್ಲೂ ಮಾನಸಿಕ ತೊಂದರೆಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದಿತು. ಚಿಕಿತ್ಸೆಗೆ ಹೋದರೆ ಹಾರಾಟದ ಅರ್ಹತೆ ಕೈತಪ್ಪೀತೆಂದು ಪೈಲಟ್‌ಗಳು ತೊಂದರೆಯನ್ನು ಮುಚ್ಚಿಡುವುದುಂಟು. ಆ ಅಂಕಿಗಳನ್ನು ಓದುವಾಗ ಇದೂ ನೆನಪಿರಲಿ.