ಕರುಳು ಅಂಟಿಕೊಂಡಿದೆಯಂತೆ, ಬಿಡಿಸಬೇಕೆ?

ಪ್ರಶ್ನೆ: ನನಗೆ 44 ವರ್ಷ. ಎರಡು ಸಿಸೇರಿಯನ್ ಆಗಿವೆ. ಮೂರು ವರ್ಷದ ಹಿಂದೆ ಹೊಟ್ಟೆ ಕೊಯ್ದು ಗರ್ಭಕೋಶವನ್ನೂ ತೆಗೆದರು. ಒಂದು ವರ್ಷದಿಂದ ಊಟದ ನಂತರ ಹೊಕ್ಕುಳ ಸುತ್ತ ಹಿಂಡಿದಂತೆ ನೋವು ಬಂದು ಹೋಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣಲಿಲ್ಲ. ಒಬ್ಬ ವೈದ್ಯರು ಗ್ಯಾಸ್ ಎಂದರು, ಇನ್ನೊಬ್ಬರು ‘ಕರುಳು ಅಂಟಿಕೊಂಡಿರಬಹುದು’ ಎಂದರು. ಆಪರೇಷನ್ ಮಾಡಿಸಿ ಬಿಡಿಸಿಕೊಳ್ಳಬೇಕೆ?

ಉತ್ತರ: ಎರಡನೆಯವರ ಅನುಮಾನಕ್ಕೆ ಆಧಾರವಿದೆ. ಆದರೆ ಆಪರೇಷನ್ನಿಗೆ ಅವಸರ ಬೇಡ.

ನಮ್ಮ ಕರುಳಿಗೂ ಹೊಟ್ಟೆಯ ಗೋಡೆಗೂ ಪೆರಿಟೋನಿಯಂ ಎಂಬ ನುಣುಪಾದ ಪೊರೆಯ ಹೊದಿಕೆ ಇರುತ್ತದೆ. ಆಪರೇಷನ್ನಿನಲ್ಲಿ ಕೈ ತಗುಲಿ, ಒಣಗಿ, ರಕ್ತ ಸೋರಿ ಅದು ಗಾಯಗೊಂಡಾಗ ಫೈಬ್ರಿನ್ ಎಂಬ ಅಂಟು ಪದಾರ್ಥ ಅಲ್ಲಿ ಕೂಡುತ್ತದೆ. ಕೆಲವೇ ದಿನಗಳಲ್ಲಿ ಅದು ಕರಗಬೇಕು. ಕರಗದೆ ಉಳಿದರೆ ನಾರಿನ ಪಟ್ಟಿಯಾಗಿ ಗಟ್ಟಿಯಾಗಿ ಕರುಳನ್ನು ಅಕ್ಕಪಕ್ಕಕ್ಕೆ ಅಂಟಿಸುತ್ತದೆ. ಇದೇ ಅಂಟಿಕೆ. ಹೊಟ್ಟೆ ತೆರೆದು ಮಾಡಿದ ಶಸ್ತ್ರಚಿಕಿತ್ಸೆಯ ನಂತರ ಬಹುಪಾಲು ಜನರಲ್ಲಿ ಇದು ಅಷ್ಟೋ ಇಷ್ಟೋ ಆಗಿಯೇ ಇರುತ್ತದೆ, ಹೆಚ್ಚಿನವರಿಗೆ ಅದರ ಸುಳಿವೇ ಸಿಗುವುದಿಲ್ಲ. ಒಡೆದ ಅಪೆಂಡಿಕ್ಸ್, ಹೊಟ್ಟೆಯ ಕ್ಷಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಕೂಡ ಇದಕ್ಕೆ ಕಾರಣವಾಗಬಲ್ಲವು. ಗರ್ಭನಾಳ ಸಿಕ್ಕಿಕೊಂಡರೆ ಬಂಜೆತನವೂ ಬರಬಹುದು.

ನಿಮ್ಮ ಸ್ಕ್ಯಾನ್ ಸುಳ್ಳು ಹೇಳಿಲ್ಲ. ಈ ಪಟ್ಟಿಗಳು ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ, ಅಷ್ಟೆ. ನೋವು ಬಂದಿರುವ ಹೊತ್ತಿನಲ್ಲೇ ಸಿಟಿ ಸ್ಕ್ಯಾನ್ ಮಾಡಿದರೆ ಕರುಳು ಎಲ್ಲಿ ಕಿರಿದಾಗಿದೆ ಎಂಬ ಸುಳಿವು ದೊರೆಯಬಹುದು. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ, ಅಂಟಿಕೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡಿ, ಬೇರೆ ಕಾಯಿಲೆಯನ್ನೂ ಹುಡುಕಬೇಕಾಗುತ್ತದೆ.

ಬಿಡಿಸುವುದರಲ್ಲಿರುವ ತೊಡಕು ಇದು: ಬಿಡಿಸಲು ಹೋದ ಕತ್ತರಿಯೇ ಹೊಸ ಗಾಯ ಮಾಡುತ್ತದೆ, ಆ ಗಾಯ ಮತ್ತೆ ಅಂಟುತ್ತದೆ. ಕರುಳಿಗೆ ತೂತು ಬೀಳುವ ಅಪಾಯವೂ ಇದೆ. ಬರೀ ನೋವಿಗಾಗಿ ಈ ದಾರಿಗೆ ಇಳಿಯಲು ನಾನಂತೂ ಹಿಂಜರಿಯುತ್ತೇನೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಹೊಸ ಅಂಟಿಕೆ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. ಸದ್ಯಕ್ಕೆ ಸ್ವಲ್ಪ ಸ್ವಲ್ಪವೇ, ಚೆನ್ನಾಗಿ ಅಗಿದು ಉಣ್ಣಿ. ನೋವಿನ ದಿನಗಳಲ್ಲಿ ಬಾಳೆದಿಂಡು, ನುಗ್ಗೆಕಾಯಿ, ಕಿತ್ತಳೆಯ ಸಿಪ್ಪೆನಾರು ದೂರವಿರಲಿ. ಕಿರಿದಾದ ಕರುಳಿನಲ್ಲಿ ನಾರು ಉಂಡೆಗಟ್ಟಿ ಸಿಕ್ಕಿಕೊಳ್ಳುವುದುಂಟು.

ಸಣ್ಣ ಕರುಳು ಕಟ್ಟಿಕೊಳ್ಳಲು ಬಹಳ ಸಾಮಾನ್ಯ ಕಾರಣ ಈ ಅಂಟಿಕೆಯೇ. ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲವೂ ವಾಯುವೂ ಹೋಗದೆ ನಿಂತರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಬೇಧಿಗೆ ಮನೆಯವರು ಹರಳೆಣ್ಣೆ ಕೊಡಬಾರದು, ಕಟ್ಟಿದ ಕರುಳನ್ನು ಅದು ಇನ್ನಷ್ಟು ಹಿಂಡುತ್ತದೆ. ಮೂಗಿನ ಮೂಲಕ ನಳಿಕೆ ಹಾಕಿ, ಡ್ರಿಪ್ ಕೊಟ್ಟರೆ ಅನೇಕರಿಗೆ ಆಪರೇಷನ್ನಿಲ್ಲದೆ ಎರಡು ಮೂರು ದಿನಗಳಲ್ಲಿ ಕರುಳು ತೆರೆದುಕೊಳ್ಳುತ್ತದೆ. ನೋವು ಬಿಡುವಿಲ್ಲದೆ ಮುಂದುವರಿದು, ಜ್ವರ ಬಂದು, ನಾಡಿ ಓಡತೊಡಗಿದರೆ ಮಾತ್ರ ಕರುಳಿನ ರಕ್ತ ಸಂಚಾರಕ್ಕೇ ಕುತ್ತು ಬಂದಿದೆ ಎಂದು ಅನುಮಾನಿಸಬೇಕು. ಆಗ ಕತ್ತರಿ ಹಿಡಿಯಲು ತಡ ಮಾಡುವುದಿಲ್ಲ. ಹಳೆಯ ಮೂರೂ ಶಸ್ತ್ರಚಿಕಿತ್ಸೆಗಳ ಕಾಗದಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡಿರಿ. ಆ ಹೊತ್ತಿಗೆ ಸರ್ಜನ್ ಮೊದಲು ಕೇಳುವುದು ಅದನ್ನೇ.