ಬ್ರಾಂಚಿನ ಗಡಿಯಾರ 7 ನಿಮಿಷ ಹಿಂದೆ, ಲಾಗಿನ್ ಆಗ್ತಿಲ್ಲ: ಪ್ರತಿಕ್ರಿಯೆ

ನಿಮ್ಮ ಬಾಗಲಕೋಟೆ, ವಿಜಯಪುರ ಬ್ರಾಂಚುಗಳ ಕಂಪ್ಯೂಟರ್ ಗಡಿಯಾರ 7 ನಿಮಿಷ ಹಿಂದಿದೆ, ಲಾಗಿನ್ ಆಗ್ತಿಲ್ಲ ಅಂತ ಕೇಳಿದ್ದಿರಿ. ಆ ಬ್ರಾಂಚುಗಳ ಫೈರ್‌ವಾಲ್‌ನಲ್ಲಿ ಯುಡಿಪಿ 123 (ಗಡಿಯಾರ ಹೊಂದಿಸುವ ಸಂದೇಶಗಳು ಓಡಾಡುವ ಪೋರ್ಟ್) ಮುಚ್ಚಿರಬೇಕು. ಬೆಳಗಾವಿ ಸರ್ವರ್‌ನ ಸಮಯ ಅಲ್ಲಿಗೆ ಮುಟ್ಟುತ್ತಿಲ್ಲ. ವಿಂಡೋಸ್ ಡೊಮೇನ್‌ನಲ್ಲಿ (ಕಚೇರಿಯ ಮಷೀನ್‌ಗಳನ್ನೆಲ್ಲ ಒಟ್ಟಿಗೆ ನಿಭಾಯಿಸುವ ಗುಂಪು) ಲಾಗಿನ್ ಪರೀಕ್ಷಿಸುವ ಕರ್ಬೆರೋಸ್ ಮಾಮೂಲಾಗಿ 5 ನಿಮಿಷದ ವ್ಯತ್ಯಾಸ ಸಹಿಸುತ್ತದೆ. ನಿಮ್ಮದು 7 ಅಂದಿರಿ, ಅದಕ್ಕೇ ಲಾಗಿನ್ ಕೈಕೊಟ್ಟಿದೆ.

ಮೊದಲು ಬ್ರಾಂಚಿನ ಒಂದು ವಿಂಡೋಸ್ ಮಷೀನ್‌ನಲ್ಲಿ ಟೈಮ್ ಸೋರ್ಸ್ ಯಾವುದು ನೋಡಿ. ‘ಲೋಕಲ್ ಸಿಮಾಸ್ ಕ್ಲಾಕ್’ (Local CMOS Clock, ಮಷೀನ್ ಒಳಗಿನ ಗಡಿಯಾರ) ಅಂತ ಬಂದರೆ ಅದು ತನ್ನನ್ನೇ ನಂಬಿ ಕೂತಿದೆ ಅಂತ ಅರ್ಥ. ಪೋರ್ಟ್ ತೆರೆಸಿ.

ಆಮೇಲೆ ಬುಡ ಗಟ್ಟಿ ಮಾಡಿ. ಬೆಳಗಾವಿಯಲ್ಲಿ ಎರಡು, ವಿಜಯಪುರದಲ್ಲಿ ಒಂದು ಲಿನಕ್ಸ್ ಸರ್ವರ್‌ಗೆ ಕ್ರೋನಿ (ಸಮಯ ಹೊಂದಿಸುವ ತಂತ್ರಾಂಶ) ಹಾಕಿ. ಒಂದೊಂದಕ್ಕೂ ಹೊರಗಿನ 4 ಸಮಯದ ಮೂಲ ಕೊಡಿ. ಎರಡೇ ಕೊಟ್ಟರೆ, ಜಗಳ ಬಿದ್ದಾಗ ಯಾವುದು ಸುಳ್ಳು ಅಂತ ಗೊತ್ತಾಗಲ್ಲ. ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್ ಅದರಲ್ಲಿರಲಿ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನವೂ ಅದನ್ನೇ ಹೇಳುತ್ತದೆ. ಕ್ರೋನಿಯಲ್ಲಿ ನಿಮ್ಮ ಸಬ್‌ನೆಟ್‌ಗಳಿಗೆ (ಒಳಗಿನ ನೆಟ್‌ವರ್ಕ್ ಭಾಗಗಳಿಗೆ) ಅನುಮತಿಯ ಸಾಲು ಸೇರಿಸೋದು ಮರೀಬೇಡಿ. ನಾನು ಮರೆತು ಅರ್ಧ ದಿನ ಕಳೆದಿದ್ದೆ.

ಪಿಡಿಸಿ ಎಮ್ಯುಲೇಟರ್ (ಡೊಮೇನ್‌ಗೆ ಸಮಯ ಕೊಡುವ ಮುಖ್ಯ ವಿಂಡೋಸ್ ಸರ್ವರ್) ಈ ಮೂರು ಲಿನಕ್ಸ್ ಸರ್ವರ್‌ಗಳಿಂದ ಸಮಯ ತಗೊಳ್ಳಲಿ, ಉಳಿದ ವಿಂಡೋಸ್ ಮಷೀನ್‌ಗಳು ಡೊಮೇನ್‌ನಿಂದ. ಪಿಡಿಸಿ ಎಮ್ಯುಲೇಟರ್ ವರ್ಚುವಲ್ ಮಷೀನ್ ಆಗಿದ್ದರೆ ಹೋಸ್ಟ್ (ಅದು ಓಡುತ್ತಿರುವ ನಿಜವಾದ ಮಷೀನ್) ಜೊತೆಗಿನ ಟೈಮ್ ಸಿಂಕ್ ಬಂದ್ ಮಾಡಿ, ಇಲ್ಲಾಂದ್ರೆ ಎರಡೂ ಕಡೆಯಿಂದ ಎಳೆದಾಟ. ಕ್ಯಾಮೆರಾ, ಹಾಜರಿ ಮಷೀನ್‌ಗೂ ಇದೇ ಸರ್ವರ್‌ಗಳ ಹೆಸರು ಕೊಡಿ, ಐಪಿ ಬೇಡ.

ಕ್ರೋನಿಯ ಸೋರ್ಸಸ್ ಪಟ್ಟಿಯಲ್ಲಿ ಒಂದು ಮೂಲದ ಮುಂದೆ ನಕ್ಷತ್ರ, ರೀಚ್ ಕಾಲಂನಲ್ಲಿ 377 ಬಂದಿದ್ದರೆ ಸರಿ ಇದೆ. ಸಮಯ ಕೇಳಿದ ಕೊನೆಯ ಎಂಟು ಸಲವೂ ಉತ್ತರ ಬಂದಿದೆ ಅಂತ ಅದರ ಅರ್ಥ. 0 ಇದ್ದರೆ ಮತ್ತೆ ಫೈರ್‌ವಾಲ್ ನೋಡಿ. ಬ್ರಾಂಚುಗಳ ಸಮಯ ಸರಿಪಡಿಸೋದನ್ನು ಮಾತ್ರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಮಾಡಿ.